ಕಲ್ಲುಬೆಂಚಿನವರ ಆಯುಧಪೂಜೆ

"ಇವತ್ತು ಸರಿ ಇದೀಯಾ?"

ಮಾಚೇನಹಳ್ಳಿಯ ಆ ತರಬೇತಿ ಕೇಂದ್ರದಲ್ಲಿ ದಿನ ಶುರುವಾಗುತ್ತಿದ್ದದ್ದೇ ಈ ಪ್ರಶ್ನೆಯಿಂದ. ಕೇಳುತ್ತಿದ್ದವರು ವೆಲ್ಡಿಂಗ್ ಕಲಿಸುವ ವಿಜಯೇಂದ್ರ ಮೇಷ್ಟ್ರು. ಕೇಳುತ್ತಿದ್ದದ್ದು ಹೆಂಗಸರನ್ನು ಮಾತ್ರ. ಅದೂ ಪಕ್ಕಕ್ಕೆ ಕರೆದು ಮೆಲ್ಲಗೆ ಅಲ್ಲ. ಶೆಡ್ಡಿನ ಬಾಗಿಲಲ್ಲಿ, ಹುಡುಗರೆಲ್ಲ ನಿಂತು ನೋಡುತ್ತಿರುವಾಗ, ತಿಂಡಿ ಆಯ್ತಾ ಅಂತ ಕೇಳೋ ದನಿಯಲ್ಲಿ.

ಸರಿ ಇದೀನಿ ಅಂದರೆ ಒಳಗೆ. ಇಲ್ಲ ಅಂದರೆ ಮುಟ್ಟಾಗಿದಾಳೆ ಅಂತ ಅರ್ಥ. ಗೇಟಿನ ಪಕ್ಕದ ಕಲ್ಲುಬೆಂಚು. ನಾಲ್ಕು ದಿನ ಅಲ್ಲೇ. ಹಾಜರಿಯ ಹೆಬ್ಬೆಟ್ಟು ಒತ್ತೋ ಯಂತ್ರ ಇರೋದು ಶೆಡ್ಡಿನೊಳಗೆ. ಒಳಗೆ ಹೋಗದವಳಿಗೆ ಹಾಜರಿಯೂ ಇಲ್ಲ.

"ಮೆಶಿನ್ ಅಂದ್ರೆ ಲಕ್ಷ್ಮಿ. ನಿಮ್ಮನೆ ದೇವರಕೋಣೆಗೆ ಹಿಂಗೇ ನುಗ್ತೀರೇನು?" ಅಂತ ಮೇಷ್ಟ್ರು ಕೇಳೋರು.

ಎಂಥ ಮಾತು! ಅಲ್ಲಿ ಕಲಿಯೋಕೆ ಬರುತ್ತಿದ್ದ ವಾಣಿಯ ಮನೆಯಲ್ಲಿ ದೇವರಕೋಣೆ ಎಲ್ಲಿಂದ ಬರಬೇಕು? ಭದ್ರಾವತಿಯಲ್ಲಿ ಅವಳದು ಒಂದೇ ಕೋಣೆಯ ಶೀಟಿನ ಮನೆ. ಗೋಡೆಯಲ್ಲಿ ಕ್ಯಾಲೆಂಡರಿನ ದೇವರು, ಅದರ ಕೆಳಗೆ ಸ್ಟೌವ್, ಅದರ ಪಕ್ಕ ಹಾಸಿಗೆ. ಅಲ್ಲಿ ಮುಟ್ಟಾದವಳು ಹೊರಗೆ ಕೂರಬೇಕು ಅಂದರೆ ಚರಂಡಿಯೊಳಗೇ ಕೂರಬೇಕು. ಅವಳ ಅವ್ವ ಶಕುಂತಲಮ್ಮ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ಕಕ್ಕಸು ತೊಳೆದು ಸೊಂಟ ಕಳ್ಕೊಂಡವಳು. ಮುಟ್ಟಾಗಿದೆ, ಇವತ್ತು ಮನೇಲಿರಮ್ಮ ಅಂತ ಅವಳಿಗೆ ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ. ಕಕ್ಕಸು ತೊಳೆಯೋಕೆ ಮೈಲಿಗೆ ಅಡ್ಡ ಬರಲ್ಲ ನೋಡಿ. ಅಡ್ಡ ಬರೋದು ಸಂಬಳ ತರೋ ಮೆಶಿನ್ನಿಗೆ.

ಅಜ್ಜಿ ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದಳು. ಅವ್ವ ಕ್ಯಾಂಟೀನಿನ ಹೊರಗೆ ನಿಂತು ಉಂಡಳು. ಮೊಮ್ಮಗಳಿಗೆ ಕಲ್ಲುಬೆಂಚು. ದೇಶ ಮುಂದೆ ಹೋಗಿದೆ ಅನ್ನೋದು ಇದಕ್ಕೇ ಇರಬೇಕು, ಕೂರೋಕೆ ಒಂದು ಬೆಂಚಾದರೂ ಸಿಕ್ಕಿತು.

ಇಷ್ಟಾದರೂ ವಾಣಿಗೆ ಆ ಕೆಲಸದ ಹುಚ್ಚು ಹಿಡಿದುಬಿಟ್ಟಿತ್ತು. ಏನು ಹುಚ್ಚು ಅಂತೀರಿ! ದಪ್ಪ ತೊಗಲಿನ ಏಪ್ರನ್ ಹಾಕಿದರೆ ಬೆನ್ನಲ್ಲಿ ಬೆವರು ಕಾಲುವೆಯಾಗಿ ಇಳಿಯೋದು. ಕಿಡಿ ಶೂ ಒಳಗೆ ಬಿದ್ದರೆ ಒಂಟಿ ಕಾಲಲ್ಲಿ ಕುಣಿಯಬೇಕು. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಳ್ಳೋದು. ಮೊದಮೊದಲು ಮುಖಕ್ಕೆ ಶೀಲ್ಡ್ ಸರಿಯಾಗಿ ಹಿಡಿಯಲು ಬಾರದೆ ಬೆಳಕು ಹೊಡೆದು, ಕಣ್ಣಿಗೆ ಮರಳು ಎರಚಿದ ಹಾಗೆ ಉರಿ. ಅವ್ವ ಆಲೂಗಡ್ಡೆ ಬಿಲ್ಲೆ ಕೊಯ್ದು ರೆಪ್ಪೆ ಮೇಲಿಟ್ಟು ಮಲಗಿಸೋಳು. "ಬೇಡ ಕಣೆ, ಯಾವುದಾದ್ರೂ ಬಟ್ಟೆ ಅಂಗಡಿಗೆ ಸೇರ್ಕೋ" ಅನ್ನೋಳು. ವಾಣಿ ಆಲೂಗಡ್ಡೆ ಕಣ್ಣಲ್ಲೇ ನಗೋಳು. ಎರಡು ಕಬ್ಬಿಣದ ತುಂಡು ಬಿಳಿ ಬೆಂಕಿಯಲ್ಲಿ ಕರಗಿ ಒಂದಾಗೋದನ್ನು ಕಪ್ಪು ಗಾಜಿನ ಹಿಂದಿನಿಂದ ಒಂದು ಸಲ ನೋಡಿದವಳು ಸೀರೆ ಮಡಚೋಕೆ ಹೋಗ್ತಾಳಾ?

ಪ್ರಾಕ್ಟಿಕಲ್ ಪರೀಕ್ಷೆ ಪಾಸಾದರೆ ಅಲ್ಲೇ ಮಾಚೇನಹಳ್ಳಿಯ ಒಂದು ಫ್ಯಾಕ್ಟರಿ ಕೆಲಸಕ್ಕೆ ತಗೊಳ್ಳುತ್ತಿತ್ತು. ಸಮವಸ್ತ್ರ, ಕ್ಯಾಂಟೀನು, ತಿಂಗಳಾದರೆ ಸಂಬಳ. ವಾಣಿಗೆ ಬೇಕಾಗಿದ್ದದ್ದು ಆ ಪರೀಕ್ಷೆ. ಅಷ್ಟೇ.

ಆ ಪರೀಕ್ಷೆಯ ಆಸೆಗೇ ಒಂದು ದಿನ ಅವಳು ಬಾಗಿಲಲ್ಲಿ ಸುಳ್ಳು ಹೇಳಿದಳು. ಸರಿ ಇದೀನಿ ಸಾರ್ ಅಂತ ಒಳಗೆ ಹೋದಳು. ಮಧ್ಯಾಹ್ನ ಹೊಟ್ಟೆನೋವು ತಡೆಯಲಾರದೆ ಮಾತ್ರೆ ನುಂಗುವಾಗ ಮೇಷ್ಟ್ರ ಕಣ್ಣಿಗೆ ಬಿದ್ದಳು.

"ಏನದು ಮಾತ್ರೆ?"

ಅವಳ ಮುಖವೇ ಎಲ್ಲ ಹೇಳಿಬಿಟ್ಟಿತು. ಮೇಷ್ಟ್ರು ಕುಣಿದಾಡಿದರು. ಬಕೆಟ್ಟಿನ ನೀರಿಗೆ ಅರಿಶಿನ ಕಲಸಿದರು, ಮಾವಿನಸೊಪ್ಪು ಅದ್ದಿದರು, ಅವಳು ಹಿಡಿದಿದ್ದ ಮೆಶಿನ್ನಿನ ಮೇಲೆ ಧಾರಾಳವಾಗಿ ಚಿಮುಕಿಸಿದರು. ಚಿಮುಕಿಸಿದರು ಅನ್ನೋದು ಮರ್ಯಾದೆಗೆ, ಸ್ನಾನ ಮಾಡಿಸಿದರು ಅನ್ನಿ. ಆಮೇಲೆ ಸ್ವಿಚ್ ಹಾಕಿದರು. ಟಪ್! ಹೊಗೆ ಎದ್ದಿತು.

"ನೋಡಿದ್ರೇನ್ರೋ? ಮೈಲಿಗೆ ಅಂದ್ರೆ ಇದು!" ಅಂತ ಹುಡುಗರ ಕಡೆ ತಿರುಗಿದರು.

ಹುಡುಗರು ನಕ್ಕರು. ಮೆಶಿನ್ ಸುಟ್ಟ ಹುಡುಗಿ ಅಂತ ಅವಳಿಗೆ ಹೆಸರಾಯಿತು. ಆ ಬಕೆಟ್ಟಿನಲ್ಲಿ ಉಳಿದ ನೀರಿನಿಂದ ಇಡೀ ಶೆಡ್ಡಿನ ನೆಲವನ್ನು ಅವಳ ಕೈಲಿ ಮಂಡಿಯೂರಿಸಿ ಉಜ್ಜಿಸಿದರು. ಅಂದರೆ ಮೆಶಿನ್ ಮುಟ್ಟೋ ಹಾಗಿಲ್ಲ, ನೆಲ ಉಜ್ಜಬಹುದು. ಮಂಡಿ ಕಿತ್ತುಹೋಯಿತು. ವಾಣಿ ಅಳಲಿಲ್ಲ. ಅತ್ತಿದ್ದರೆ ಅದನ್ನೂ ಅವಳೇ ಒರೆಸಬೇಕಿತ್ತು.

ದಸರೆ ಹತ್ತಿರ ಬಂತು. ಕೇಂದ್ರದ ಯಜಮಾನ ಮುರುಗೇಶಪ್ಪನವರು ಪರೀಕ್ಷೆಗೆ ಕೂರುವವರ ಹೆಸರು ಓದಿದರು. ಹುಡುಗರೆಲ್ಲರ ಹೆಸರೂ ಇತ್ತು. ಏಳು ಹೆಂಗಸರಲ್ಲಿ ಉಮಾಮಹೇಶ್ವರಿಯದು ಮಾತ್ರ.

"ಹಾಜರಿ ಸಾಲ್ದು ಕಣ್ರಮ್ಮ. ನಾನೇನು ಮಾಡ್ಲಿ? ರೂಲ್ಸು" ಅಂದರು ಮುರುಗೇಶಪ್ಪ.

"ನೀವೇ ಹೊರಗೆ ಕೂರ್ಸಿದ್ರಲ್ಲ ಸಾರ್!" ಅಂದಳು ವಾಣಿ.

"ಕೂತವರು ನೀವು ತಾನೇ? ಹೋಗ್ಲಿ ಬಿಡಿ. ಮುಂದಿನ ಬ್ಯಾಚಲ್ಲಿ ನೋಡೋಣ. ಈಗ ಕೇಳಿ, ಹಬ್ಬದ ಹಿಂದಿನ ದಿನ ನಮ್ಮಲ್ಲಿ ಆಯುಧಪೂಜೆ. ಫ್ಯಾಕ್ಟರಿಯಿಂದ ಮೇಧಾ ಮೇಡಂ ಬರ್ತಾರೆ. ರಂಗೋಲಿ, ಹೂವು, ಆರತಿ, ಎಲ್ಲ ನಿಮ್ದೇ. ಒಳ್ಳೆ ಸೀರೆ ಉಟ್ಕೊಂಡು ಬನ್ನಿ. ಫೋಟೋ ಇದೆ."

ಗೊತ್ತಾಯ್ತಾ? ಆ ಫ್ಯಾಕ್ಟರಿ ಕೇಂದ್ರಕ್ಕೆ ದುಡ್ಡು ಕೊಡುತ್ತಿದ್ದದ್ದೇ ಹೆಂಗಸರಿಗೆ ಕಸುಬು ಕಲಿಸ್ತೀವಿ ಅಂತ ಹೇಳಿದ್ದಕ್ಕೆ. ಪರೀಕ್ಷೆಗೆ ಹೆಂಗಸರು ಬೇಡ, ಫೋಟೋಗೆ ಬೇಕು. ಕೇಳಿದರೆ ಮೈಯೆಲ್ಲ ಉರಿಯಲ್ವಾ?

ಸಂಜೆ ಬಸ್‌ಸ್ಟಾಪಿನಲ್ಲಿ ಏಳೂ ಜನ ಮುಖ ಊದಿಸಿಕೊಂಡು ನಿಂತಿದ್ದರು. ರಸ್ತೆಯ ಈಚೆ ಭದ್ರಾವತಿಯ ಬಸ್ಸು, ಆಚೆ ಶಿವಮೊಗ್ಗದ ಬಸ್ಸು. ಯಾರಿಗೂ ರಸ್ತೆ ದಾಟೋ ಮನಸ್ಸಿಲ್ಲ.

ಉಮಾಮಹೇಶ್ವರಿ ಅವರಲ್ಲೆಲ್ಲ ಹಿರಿಯಳು, ನಲವತ್ತೆಂಟು ದಾಟಿದವಳು. ಗಂಡ ಭದ್ರಾವತಿಯಲ್ಲಿ ಕಿಟಕಿಯ ಗ್ರಿಲ್ ಮಾಡೋ ಅಂಗಡಿ ಇಟ್ಟು ತೀರಿಹೋಗಿದ್ದ. ಆ ಅಂಗಡಿಯ ಬಾಗಿಲು ತಾನೇ ತೆಗೀಬೇಕು ಅಂತ ಕಲಿಯೋಕೆ ಬಂದಿದ್ದಳು. ಎಲ್ಲರಿಗೂ ಅವಳು ಉಮಕ್ಕ.

"ನಾನೊಬ್ಬಳೇ ಯಾಕೆ ಪಾಸು ಗೊತ್ತಾ?" ಅಂದಳು. "ನಂಗೆ ಮುಟ್ಟು ನಿಂತು ವರ್ಷ ಆಯ್ತು. ಅಷ್ಟೇ ಕಣ್ರೇ ನನ್ನ ಕ್ವಾಲಿಫಿಕೇಶನ್ನು."

ಶಿವಮೊಗ್ಗದ ಗೋಪಾಳದಿಂದ ಬರುತ್ತಿದ್ದ ಮಂಜುಶ್ರೀ ಕಿಸಕ್ಕಂದಳು. ಅವಳು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಮುಗಿಸಿ, ಕೆಲಸ ಸಿಗದೆ, ಮನೆಯವರ ಹತ್ತಿರ ಜಗಳ ಆಡಿ ವೆಲ್ಡಿಂಗಿಗೆ ಸೇರಿದವಳು. "ಎಂ.ಎ.ಗೂ ಇದನ್ನ ಕೇಳಿರ್ಲಿಲ್ಲ ಉಮಕ್ಕ!"

"ನಮ್ಮಲ್ಲಿ ಲಿಂಗ ಕಟ್ಟಿದ ಮೇಲೆ ಸೂತಕಾನೇ ಇಲ್ಲ," ಉಮಕ್ಕ ಕತ್ತಿನ ಲಿಂಗದ ಕರಡಿಗೆ ಹಿಡಿದುಕೊಂಡು ಅಂದಳು. "ಮುಟ್ಟಾದ ದಿನವೂ ಅಂಗೈಲಿ ದೇವರನ್ನ ಇಟ್ಕೊಂಡು ಪೂಜೆ ಮಾಡಿದೀನಿ. ಈ ಮುರುಗೇಶಪ್ಪನ ಮನೇಲೂ ಹಂಗೇ. ಮನೇಲಿಲ್ಲದ ಮೈಲಿಗೆ ಶೆಡ್ಡಿಗೆ ಎಲ್ಲಿಂದ ಬಂತು?"

ವಾಣಿ ತಲೆಯೆತ್ತಿ, "ಪೂಜೆ ದಿನ ನಂಗೆ ಆಗುತ್ತೆ" ಅಂದಳು.

"ಏನಾಗುತ್ತೆ?"

"ಮುಟ್ಟು. ಸರಿಯಾಗಿ ಆರತಿ ಹೊತ್ತಿಗೆ."

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಮಂಜುಶ್ರೀ "ನಂಗೂ!" ಅಂತ ಚೀರಿದಳು. "ನಂಗೂ", "ನಂಗೂ ಕಣೆ" ಅಂತ ಒಬ್ಬೊಬ್ಬಳೂ ಕೈಯೆತ್ತಿದಳು. ನಗು ಅಂದರೆ ನಗು! ಒಬ್ಬಳು ಕಂಬ ಹಿಡಿದುಕೊಂಡಳು, ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತಳು. ಭದ್ರಾವತಿ ಬಸ್ಸು ಬಂತು, ನಿಂತಿತು, ಕಂಡಕ್ಟರ್ "ಹತ್ತೀರೋ ಇಲ್ವೋ" ಅಂತ ಕೂಗಿದ, ಹೋಯಿತು. ಯಾರೂ ಹತ್ತಲಿಲ್ಲ.

"ಉಮಕ್ಕ, ನೀವು ಬೇಡ," ವಾಣಿ ಕಣ್ಣೊರೆಸಿಕೊಳ್ಳುತ್ತ ಅಂದಳು. "ನಿಮ್ಮ ಹೆಸರಿದೆ. ಸುಮ್ನೆ ಅದನ್ನೂ ಕಳ್ಕೋತೀರಿ."

"ಸುಮ್ನಿರೇ ಮಾರಾಯ್ತಿ. ನಿಮ್ಮನ್ನೆಲ್ಲ ಬೆಂಚಲ್ಲಿ ಕೂರ್ಸಿ ನಾನೊಬ್ಬಳೇ ಹೋಗಿ ಆ ಮೇಷ್ಟ್ರ ಮುಖ ನೋಡ್ಲಾ? ನಿಂತಿದ್ದು ಮತ್ತೆ ಶುರುವಾಗುತ್ತೆ ಬಿಡು, ಶಿವನ ದಯೆ!"

ಮತ್ತೆ ನಗು. ಶಿವಮೊಗ್ಗ ಬಸ್ಸೂ ಹೋಯಿತು.

ಪೂಜೆಯ ದಿನ ಬೆಳಗ್ಗೆಯೇ ಬಂದು ಏಳೂ ಜನ ಎತ್ತಿನ ಹಾಗೆ ದುಡಿದರು. ಜೇಡರಬಲೆ ಹೊಡೆದರು, ಮೆಶಿನ್ ಒರೆಸಿದರು, ಚೆಂಡುಹೂವಿನ ಮಾಲೆ ಕಟ್ಟಿದರು, ಕೇಸರಿಬಾತು ಬೇಯಿಸಿದರು. ಮುರುಗೇಶಪ್ಪ ರುಚಿ ನೋಡ್ತೀನಿ ಅಂತ ಎರಡು ದೊನ್ನೆ ಖಾಲಿ ಮಾಡಿ, "ಭೇಷ್! ಇಂಥ ಕೈಗಳಿಗೆ ವೆಲ್ಡಿಂಗ್ ಯಾಕ್ರಮ್ಮ?" ಅಂದರು. ಆವತ್ತು ಬಾಗಿಲಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಕೆಲಸ ಇತ್ತಲ್ಲ, ನೆನಪೇ ಆಗಲಿಲ್ಲ.

ಕಾರು ಬಂತು. ಮೇಧಾ ಮೇಡಂ ಇಳಿದರು. ಫ್ಯಾಕ್ಟರಿಗೆ ಜನರನ್ನು ಆರಿಸುವ ಅಧಿಕಾರಿ, ಮೂವತ್ತೈದರ ಆಸುಪಾಸು, ಮೊಬೈಲಿನಿಂದ ಕಣ್ಣು ತೆಗೆಯದವರು. ಮುರುಗೇಶಪ್ಪ ಹಾರ ಹಾಕಿ ಒಳಗೆ ಕರೆದೊಯ್ದರು. ಮೇಡಂ ದೀಪ ಹಚ್ಚಿದರು. ಮೊದಲನೇ ಮೆಶಿನ್ನಿಗೆ ಕುಂಕುಮ ಇಟ್ಟರು. ಫೋಟೋದವನು ಸಜ್ಜಾದ.

"ಆರತಿ! ಆರತಿ ತಗೊಂಡು ಬನ್ರಮ್ಮ!"

ಯಾರೂ ಬರಲಿಲ್ಲ. ವಿಜಯೇಂದ್ರ ಮೇಷ್ಟ್ರು ಪಂಚೆ ಎತ್ತಿಕೊಂಡು ಹೊರಗೆ ಓಡಿದರು. ನೋಡಿದರೆ ಗೇಟಿನ ಪಕ್ಕ ಕಲ್ಲುಬೆಂಚಿನ ಮೇಲೆ ಏಳೂ ಜನ ಒತ್ತೊತ್ತಾಗಿ ಕೂತಿದ್ದಾರೆ. ಬೆಳಗ್ಗೆ ಉಟ್ಟಿದ್ದ ಸೀರೆ ಇಲ್ಲ. ದಿನಾ ಶೆಡ್ಡಿಗೆ ಹಾಕೋ ಖಾಕಿ ಅಂಗಿ, ಪ್ಯಾಂಟು, ಕಾಲಲ್ಲಿ ಶೂ. ತುದಿಯಲ್ಲಿ ಉಮಕ್ಕ ಅರ್ಧ ಬೆಂಚಲ್ಲಿ, ಅರ್ಧ ಗಾಳಿಯಲ್ಲಿ.

"ಏಯ್! ಯಾಕ್ರೇ ಇಲ್ಲಿ ಕೂತಿದೀರಿ?"

ವಾಣಿ ಮಂಜುಶ್ರೀಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಸಾರ್, ನೀವು ಬೆಳಗ್ಗೆ ಕೇಳೋದು ಮರೆತ್ರಿ."

"ಏನನ್ನ?"

"ಇವತ್ತು ಸರಿ ಇದೀಯಾ ಅಂತ. ನಾನು ಸರಿ ಇಲ್ಲ ಸಾರ್."

"ನಾನೂ ಇಲ್ಲ ಸಾರ್," ಅಂದಳು ಮಂಜುಶ್ರೀ.

"ನಾನೂ ಇಲ್ಲ." "ನಾನೂ." ಬೆಂಚಿನುದ್ದಕ್ಕೂ ಹೋಯಿತು. ಕೊನೆಗೆ ಉಮಕ್ಕ ಸೊಂಟ ಹಿಡಿದುಕೊಂಡು, "ಅಯ್ಯಯ್ಯೋ, ನಂಗಂತೂ ಇವತ್ತು ತಡ್ಕೊಳ್ಳೋಕೇ ಆಗ್ತಿಲ್ಲ ಸಾರ್!" ಅಂದಳು.

ಶೆಡ್ಡಿನ ಬಾಗಿಲಲ್ಲಿ ಗುಂಪುಗೂಡಿದ್ದ ಹುಡುಗರಲ್ಲಿ ಯಾರೋ ಪುಸಕ್ಕಂತ ನಕ್ಕರು.

"ನಾಟಕ ಆಡ್ತೀರಾ? ಯಾವತ್ತಿಂದ?" ಮೇಷ್ಟ್ರು ಗುಡುಗಿದರು.

"ನಿನ್ನೆಯಿಂದ ಸಾರ್," ವಾಣಿ ಅಂದಳು. "ಹೂ ಕಟ್ಟುವಾಗಲೂ ಆಗಿತ್ತು, ಮೆಶಿನ್ ಒರೆಸುವಾಗಲೂ ಆಗಿತ್ತು. ಕೇಸರಿಬಾತು ತಿರುವುವಾಗಲೂ ಆಗಿತ್ತು."

ಅಷ್ಟರಲ್ಲಿ ಹೊರಗೆ ಬಂದಿದ್ದ ಮುರುಗೇಶಪ್ಪನವರ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

ಹಿಂದೆಯೇ ಮೇಧಾ ಮೇಡಂ. "ಏನು ಪ್ರಾಬ್ಲಮ್ಮು?"

"ಏನಿಲ್ಲ ಮೇಡಂ, ಹೆಣ್ಮಕ್ಕಳಿಗೆ ಸ್ವಲ್ಪ ಹುಷಾರಿಲ್ಲ..."

"ಹುಷಾರಾಗೇ ಇದೀವಿ ಮೇಡಂ," ವಾಣಿ ಎದ್ದು ನಿಂತಳು. "ಮುಟ್ಟಾದ್ರೆ ಇಲ್ಲಿ ಹೊರಗೆ ಕೂರ್ಸ್ತಾರೆ. ಕೂತ್ರೆ ಹಾಜರಿ ಇಲ್ಲ. ಹಾಜರಿ ಇಲ್ಲ ಅಂತ ಪರೀಕ್ಷೆ ಇಲ್ಲ. ನಿಮ್ಮ ಫ್ಯಾಕ್ಟರೀಲಿ ನಮಗೆ ಕೆಲಸವೂ ಇಲ್ಲ."

ಮೇಡಂ ಮುಜುಗರದಿಂದ ಮೊಬೈಲು ನೋಡಿದರು. "ಅದು... ನಿಮ್ಮ ಸೆಂಟರಿನ ಒಳಗಿನ ವಿಷಯ. ಕೂತು ಮಾತಾಡ್ಕೊಳ್ಳಿ."

ಆಗ ನೋಡಿ ವಾಣಿಗೆ ರೇಗಿದ್ದು. ಭಯ ಎಲ್ಲಿ ಹೋಯಿತೋ. ಅಜ್ಜಿಯ ಚಿಪ್ಪು, ಅವ್ವನ ಸೊಂಟ, ಕಿತ್ತುಹೋದ ಮಂಡಿ, ಎಲ್ಲ ಒಟ್ಟಿಗೆ ಬಾಯಿಗೆ ಬಂದವು.

"ಆಯ್ತು ಮೇಡಂ. ಮೇಷ್ಟ್ರೇ, ಮೇಡಂಗೂ ಕೇಳಿ."

"ಏನು?"

"ಅವರೂ ಹೆಂಗಸೇ ಅಲ್ವಾ? ಮೆಶಿನ್ನಿಗೆ ಕುಂಕುಮ ಇಟ್ಟಿದಾರೆ. ಕೇಳಿ ಸಾರ್. ಇಷ್ಟು ಹುಡುಗರ ಮುಂದೆ, ಇದೇ ಜಾಗದಲ್ಲಿ ನಮಗೆ ದಿನಾ ಕೇಳ್ತೀರಲ್ಲ, ಹಂಗೇ ಗಟ್ಟಿಯಾಗಿ ಕೇಳಿ. ಇವತ್ತು ಸರಿ ಇದೀಯಾ ಅಂತ."

ಮೇಷ್ಟ್ರ ಬಾಯಿ ತೆರೆಯಿತು, ಮುಚ್ಚಿತು. ಕಾರಲ್ಲಿ ಬಂದವಳನ್ನು ಕೇಳೋಕೆ ಬಾಯಿ ಬರಲ್ಲ. ಬಸ್ಸಲ್ಲಿ ಬಂದವಳನ್ನು ಕೇಳೋಕೆ ಬರುತ್ತೆ. ಅಲ್ಲಿದ್ದವರಿಗೆಲ್ಲ ಅದು ಕಣ್ಣಿಗೆ ಹೊಡೆದ ಹಾಗೆ ಕಂಡಿತು.

ಮೇಧಾ ಮೇಡಂ ಮುಖ ಕೆಂಪಾಯಿತು. ಮೊಬೈಲು ಬ್ಯಾಗಿಗೆ ಹಾಕಿದರು. ಆಮೇಲೆ, ಏನನ್ನಿಸಿತೋ ಅವರಿಗೆ, ತಲೆಯೆತ್ತಿ ಎಲ್ಲರಿಗೂ ಕೇಳೋ ಹಾಗೆ ಅಂದರು:

"ನಂದು ಇವತ್ತು ಎರಡನೇ ದಿನ. ಬೆಳಗ್ಗೆ ಮಾತ್ರೆ ನುಂಗಿ ಬಂದಿದೀನಿ."

ಬೆಂಚಿನ ಮೇಲೆ ಯಾರೋ ಶಿಳ್ಳೆ ಹೊಡೆದರು. ಎಂ.ಎ. ಓದಿದವಳೇ ಇರಬೇಕು.

ಮೇಷ್ಟ್ರಿಗೆ ಕುಂಕುಮ ಇಟ್ಟ ಮೆಶಿನ್ನು ನೆನಪಾಯಿತು. "ಅಯ್ಯೋ ಅನಾಚಾರ!" ಅಂತ ಒಳಗೆ ನುಗ್ಗಿದರು. ಕಲಶದ ನೀರು, ಅರಿಶಿನದ ಪೊಟ್ಟಣ, ಎಲ್ಲ ಬಕೆಟ್ಟಿಗೆ ಸುರಿದು ಮೆಶಿನ್ನಿನ ಕಡೆ ಎತ್ತಿದರು. ಮುರುಗೇಶಪ್ಪ ಹಿಂದೆಯೇ ಓಡಿ ಬಕೆಟ್ಟಿಗೆ ಜೋತುಬಿದ್ದರು.

"ಬೇಡ ಮಾರಾಯ! ನೀರು ಬಿದ್ರೆ ಸುಟ್ಟೋಗುತ್ತೆ! ಆವತ್ತು ನೀನು ನೀರು ಹಾಕಿ ಸುಟ್ಟಿದ್ದು ಸಾಲ್ದಾ?"

ಇಬ್ಬರ ಜಗ್ಗಾಟದಲ್ಲಿ ಬಕೆಟ್ಟು ಮಗುಚಿತು. ಮೇಷ್ಟ್ರ ಬಿಳಿ ಪಂಚೆ ಅರಿಶಿನವಾಯಿತು. ಹುಡುಗರು ಹೋ ಅಂತ ನಕ್ಕರು. ಇದೇ ಹುಡುಗರು ಆವತ್ತು ಅವಳನ್ನು ನೋಡಿ ನಕ್ಕವರು.

"ಮೆಶಿನ್ ಸುಟ್ಟಿದ್ದು ಯಾರು ಸಾರ್?" ವಾಣಿ ಬಾಗಿಲಲ್ಲಿ ನಿಂತು ಕೇಳಿದಳು. "ಇನ್ನೊಂದ್ಸಲ ಹೇಳಿ. ಎಲ್ರೂ ಕೇಳ್ಲಿ."

ಮುರುಗೇಶಪ್ಪ ಬಗ್ಗಿ ಬಕೆಟ್ಟು ನೆಟ್ಟಗಿಟ್ಟರು. ಉಮಕ್ಕ ಮುಂದೆ ಬಂದಳು. "ಅಣ್ಣಾ, ನಿಮ್ಮ ಅವ್ವ ಯಾವತ್ತಾದ್ರೂ ಹೊರಗೆ ಕೂತಿದ್ರಾ?"

"ಇಲ್ಲ ತಾಯಿ. ನಮ್ಮಲ್ಲೆಲ್ಲಿದೆ ಅದು."

"ಮತ್ತೆ ಇಲ್ಲಿ ಯಾಕೆ ಬಿಟ್ರಿ?"

"ಮೇಷ್ಟ್ರು ಹೇಳಿದ್ರು..." ಗಾಬರಿಯಲ್ಲಿ ನಿಜವೂ ಬಾಯಿಂದ ಬಿತ್ತು, "ವೆಲ್ಡಿಂಗ್ ರಾಡಿನ ಖರ್ಚೂ ಉಳೀತಿತ್ತಲ್ಲ ಅಂತ..."

ಹೂಂ! ಲಕ್ಷ್ಮಿಯೂ ಅಲ್ಲ, ದೇವರಕೋಣೆಯೂ ಅಲ್ಲ. ರಾಡು ಉಳೀತಿತ್ತು. ಏಳು ಹೆಂಗಸರ ಬಾಳು ಹೋದರೂ ಪರವಾಗಿಲ್ಲ, ರಾಡು ಉಳೀಬೇಕಿತ್ತು.

ವಾಣಿಗೆ ಒಂದು ಗಳಿಗೆ ಅಳು ಬಂತು. ನಗುವೂ ಬಂತು. ನಗುವೇ ಗೆದ್ದಿತು.

"ಬೆಂಚಲ್ಲಿ ಕೂರ್ಸಿದ ದಿನ ಎಲ್ಲ ವಾಪಸ್ ಕೊಡಿ ಸಾರ್. ದಸರಾ ರಜೇಲಿ ಶೆಡ್ಡು ತೆಗೀರಿ. ಕರೆಂಟು ಇರಬೇಕು, ರಾಡು ಇರಬೇಕು. ಹಾಜರಿ ತುಂಬಿಸ್ತೀವಿ. ಪರೀಕ್ಷೆಗೆ ಏಳೂ ಹೆಸರು ಹೋಗ್ಬೇಕು. ಬಾಗಿಲಲ್ಲಿ ಆ ಪ್ರಶ್ನೆ ಇನ್ಮೇಲೆ ಇಲ್ಲ. ಇಷ್ಟಾಗೋವರೆಗೂ ಆರತಿ ಇಲ್ಲ, ಫೋಟೋ ಇಲ್ಲ."

ಮುರುಗೇಶಪ್ಪ ಮೇಡಂ ಕಡೆ ನೋಡಿದರು. ಮೇಡಂ ಫೋಟೋದವನಿಗೆ ಕ್ಯಾಮೆರಾ ಇಳಿಸು ಅಂತ ಕೈ ಮಾಡಿದರು. ಅಷ್ಟು ಸಾಕಾಯಿತು.

"ಆಯ್ತು ಕಣಮ್ಮ. ಆಯ್ತು. ನಾಡಿದ್ದು, ಹಬ್ಬ ಮುಗಿದ ಮಾರನೇ ದಿನವೇ ಶುರು."

"ನಾಡಿದ್ದು ಯಾಕೆ? ಈಗ್ಲೇ."

ಅವಳು ಏಪ್ರನ್ ಬಿಗಿದಳು, ಶೀಲ್ಡ್ ಎತ್ತಿಕೊಂಡಳು. ಮೇಡಂ ಕುಂಕುಮ ಇಟ್ಟ ಮೆಶಿನ್ನಿನ ಹಾರ ಪಕ್ಕಕ್ಕೆ ಸರಿಸಿ ಸ್ವಿಚ್ಚಿಗೆ ಕೈ ಹಾಕಿದಳು.

"ಪೂಜೆಯಾದ ಆಯುಧ ಇವತ್ತು ಮುಟ್ಟಬಾರದು!" ಹಳದಿ ಪಂಚೆಯಲ್ಲೇ ಮೇಷ್ಟ್ರು ಕೊನೆಯ ಸಲ ಕೂಗಿದರು.

"ಆರತಿ ಇನ್ನೂ ಆಗಿಲ್ವಲ್ಲ ಸಾರ್. ಈಗ ಎತ್ತೀನಿ. ಎಲ್ರೂ ಕಣ್ಣು ಮುಚ್ಕೊಳ್ಳಿ, ಆಮೇಲೆ ಉರಿ ಉರಿ ಅನ್ಬೇಡಿ."

ಯಜಮಾನರು ಗೋಡೆಗೆ ತಿರುಗಿದರು. ಮೇಡಂ ಸೆರಗು ಅಡ್ಡ ಹಿಡಿದರು. ಮೇಷ್ಟ್ರು ಬೇರೆ ದಾರಿಯಿಲ್ಲದೆ ಕಣ್ಣು ಮುಚ್ಚಿದರು. ವಾಣಿ ರಾಡನ್ನು ಕಬ್ಬಿಣಕ್ಕೆ ಗೀರಿದಳು. ಚಿಟ್ ಅಂದಿತು. ಬೆಳಕಿಲ್ಲ. ರಾಡು ಅಂಟಿಕೊಂಡಿತು.

"ಅಂಟ್ತು ನೋಡಿ!" ಮೇಷ್ಟ್ರು ಒಂದು ಕಣ್ಣು ತೆರೆದರು. "ನಾನು ಹೇಳ್ಲಿಲ್ವಾ? ಕೆಲಸವೇ ಬರಲ್ಲ ಇವಳಿಗೆ!"

"ಬರಲ್ಲ ಸಾರ್," ವಾಣಿ ರಾಡನ್ನು ತಿರುಚಿ ಕೀಳುತ್ತ ಶೀಲ್ಡಿನೊಳಗಿಂದಲೇ ನಕ್ಕಳು. "ಬರೋ ಹಾಗಿದ್ರೆ ಕಲಿಯೋಕೆ ಯಾಕೆ ಬರ್ತಿದ್ದೆ?"

ಮತ್ತೆ ಗೀರಿದಳು. ಈ ಸಲ ಹೊತ್ತಿಕೊಂಡಿತು. ಇಡೀ ಶೆಡ್ಡು ಬೆಳ್ಳಗಾಯಿತು. ಕಿಡಿ ಚೆಂಡುಹೂವಿನ ಮೇಲೆ, ಕೇಸರಿಬಾತಿನ ಪಾತ್ರೆಯ ಮುಚ್ಚಳದ ಮೇಲೆ ಪಟಪಟ ಬಿದ್ದಿತು. ಬೆಸುಗೆ ನೆಟ್ಟಗೆ ಬರಲಿಲ್ಲ, ಸೊಟ್ಟಗೆ ಹೋಯಿತು, ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ತೂತಾಯಿತು. ಅವಳು ನಿಲ್ಲಿಸಲಿಲ್ಲ. ರಾಡು ಪೂರ್ತಿ ಮುಗಿಯೋವರೆಗೂ ಎಳೆದಳು.

ಹಿಂದಿನಿಂದ ಯಾರೋ ಅವಳ ಭುಜ ತಟ್ಟಿದರು.

"ಮುಗೀತೇನೇ? ಅತ್ಲಾಗೆ ಜರುಗು," ಅಂದಳು ಉಮಕ್ಕ, ಏಪ್ರನ್ ದಾರ ಕಟ್ಟಿಕೊಳ್ಳುತ್ತ. "ಇನ್ನೊಂದು ರಾಡು ತಗೊಂಡು ಬಾ ಮಂಜು. ಈಗ ನನ್ನ ಸರದಿ."